ರಥ ಪಟ್ಟಿಯಲ್ಲಿದೆಯೆ?

ಹೈದರಾಬಾದಿನ ಹೊರವಲಯದ ಆದಿಬಟ್ಲದಲ್ಲಿ ಟಾಟಾ ಬೋಯಿಂಗ್ ಏರೋಸ್ಪೇಸ್ ಕಾರ್ಖಾನೆಯಿದೆ. 2018ರಿಂದ ಅಲ್ಲಿ ಅಪಾಚೆ ಯುದ್ಧ ಹೆಲಿಕಾಪ್ಟರಿನ ಫ್ಯೂಸಲೇಜ್, ಎಂದರೆ ಒಡಲು, ಸಿದ್ಧವಾಗುತ್ತಿದೆ. ಜೋಡಣೆ ಮುಗಿದು, ತಪಾಸಣೆ ದಾಟಿ ಹೊರಡುವ ಆ ಒಡಲು ಅಲ್ಲಿಯವರ ಮಟ್ಟಿಗೆ ಪೂರ್ಣ ವಸ್ತು. ಅಮೆರಿಕದ ಅರಿಜೋನಾ ರಾಜ್ಯದ ಮೇಸಾ ತಲುಪಿದ ಕೂಡಲೇ ಅದೇ ಒಡಲು ಹೆಲಿಕಾಪ್ಟರಿನ ಬಿಡಿಭಾಗಗಳ ಪಟ್ಟಿಯಲ್ಲಿ ಒಂದು ಸಾಲಾಗುತ್ತದೆ. ಭಾರತೀಯ ಸೇನೆ ಕೊಂಡ ಅಪಾಚೆಗಳ ಒಡಲಿಗೂ ಇದೇ ದಾರಿ.

ಯಾವುದು ಇಡಿ, ಯಾವುದು ಬಿಡಿ? ಜಗಳ ಹಳೆಯದು. ‘ಮಿಲಿಂದ ಪ್ರಶ್ನ’ದಲ್ಲಿ ಭಿಕ್ಷು ನಾಗಸೇನ ಗ್ರೀಕ್ ಮೂಲದ ದೊರೆ ಮಿಲಿಂದನ ರಥವನ್ನು ಮಾತಿನಲ್ಲೇ ಬಿಚ್ಚುತ್ತಾನೆ. ಅಚ್ಚು ರಥವೆ, ಗಾಲಿ ರಥವೆ, ಎಲ್ಲವನ್ನೂ ಒಟ್ಟುಹಾಕಿದ್ದು ರಥವೆ ಎಂದು ಕೇಳುತ್ತ ಹೋದರೆ ದೊರೆ ಪ್ರತಿಯೊಂದಕ್ಕೂ ಅಲ್ಲವೆನ್ನುತ್ತಾನೆ. ರಥವೆಂಬುದು ವ್ಯವಹಾರಕ್ಕಾಗಿ ಇಟ್ಟ ಹೆಸರು ಎಂಬಲ್ಲಿಗೆ ವಾದ ಬಂದು ನಿಲ್ಲುತ್ತದೆ. ನ್ಯಾಯ ದರ್ಶನದ ಪಂಡಿತರಾದ ನೈಯಾಯಿಕರು ಇದನ್ನು ಸುತರಾಂ ಒಪ್ಪಲಿಲ್ಲ. ಅವಯವಗಳಿಗಿಂತ ಬೇರೆಯಾದ ಅವಯವಿ, ಎಂದರೆ ಇಡಿ, ನಿಜವಾಗಿಯೂ ಇದೆ, ಇಲ್ಲದಿದ್ದರೆ ಒಂದು ತುದಿ ಹಿಡಿದೆಳೆದಾಗ ಇಡೀ ವಸ್ತುವೇ ಏಕೆ ಬರಬೇಕು ಎಂಬುದು ಅವರ ಪಟ್ಟು.

ಕಾರ್ಖಾನೆಯಲ್ಲಿ ಬಿಲ್ ಆಫ್ ಮೆಟೀರಿಯಲ್ಸ್, ಅಂದರೆ ಬಿಓಎಂ, ಬರೆಯುವವರಿಗೆ ಈ ಜಗಳವನ್ನು ಪಂಡಿತರಿಗೆ ಬಿಟ್ಟು ಕೂರುವ ಸೌಕರ್ಯವಿಲ್ಲ. ಯಾವುದಕ್ಕೆ ಪಾರ್ಟ್ ನಂಬರ್ ಕೊಡಬೇಕು, ಯಾವುದರ ಕೆಳಗೆ ಯಾವುದನ್ನು ಸೇರಿಸಬೇಕು ಎಂಬುದು ಇತ್ಯರ್ಥವಾಗದೆ ಸ್ಟೋರಿನಿಂದ ಒಂದು ಬೋಲ್ಟೂ ಹೊರಬರದು. ವಿಚಿತ್ರವೆಂದರೆ ಪಟ್ಟಿಯೇ ಎರಡು. ವಿನ್ಯಾಸಕಾರರ ಪಟ್ಟಿ ಕೆಲಸವನ್ನು ನೋಡಿ ವಿಂಗಡಿಸುತ್ತದೆ: ಹೈಡ್ರಾಲಿಕ್ ವ್ಯವಸ್ಥೆ ಒಂದು ಘಟಕ, ವಿದ್ಯುತ್ ವ್ಯವಸ್ಥೆ ಇನ್ನೊಂದು. ತಯಾರಿಕೆಯ ಪಟ್ಟಿ ಜೋಡಣೆಯ ಸರದಿಯನ್ನು ಅನುಸರಿಸುತ್ತದೆ. ಅಲ್ಲಿ ಹೈಡ್ರಾಲಿಕ್ ಕೊಳವೆಗಳು ಬೇರೆ ಬೇರೆ ಹಂತಗಳಿಗೆ ಚದುರಿಹೋಗುತ್ತವೆ. ವಿನ್ಯಾಸದಲ್ಲಿ ಒಂದಾಗಿದ್ದ ವಸ್ತು ಶಾಪ್ ಫ್ಲೋರಿನಲ್ಲಿ ಒಂದಾಗಿ ಕಾಣುವುದೇ ಇಲ್ಲ. ನಾಗಸೇನ ಒಂದು ಅಂಕ ಗೆದ್ದನೆನ್ನಬೇಕು.

ಇದಕ್ಕಿಂತ ಸ್ವಾರಸ್ಯದ್ದು ಪಟ್ಟಿಯಲ್ಲಿ ಬರುವ ‘ಫ್ಯಾಂಟಮ್’, ಎಂದರೆ ಭೂತ. ಅದಕ್ಕೆ ನಂಬರ್ ಇರುತ್ತದೆ, ಅದರ ಕೆಳಗೆ ಭಾಗಗಳೂ ಇರುತ್ತವೆ, ಆದರೆ ಸಾಮಾನ್ಯವಾಗಿ ಸ್ಟೋರಿನ ಕಪಾಟಿನಲ್ಲಿ ಅದು ಇರುವುದಿಲ್ಲ. ಲೆಕ್ಕ ಹಾಕುವ ತಂತ್ರಾಂಶ ಅದನ್ನು ದಾಟಿ ನೇರ ಬಿಡಿಭಾಗಗಳಿಗೆ ಇಳಿಯುತ್ತದೆ. ಭೂತವೆಂಬ ಹೆಸರಿಟ್ಟವರು ತರ್ಕಶಾಸ್ತ್ರ ಓದಿರಲಾರರು, ಆದರೂ ಹೆಸರು ಮಾತ್ರ ಚೆನ್ನಾಗಿ ಕೂತಿದೆ.

ಇತ್ತ ನೈಯಾಯಿಕರ ಕೈಯೂ ಖಾಲಿಯಲ್ಲ. ಬಿಓಎಂ ರಿವೆಟ್‌ಗಳ ಸಂಖ್ಯೆ ಹೇಳುತ್ತದೆ, ಸೀಲೆಂಟ್‌ಗೆ ‘ಅಗತ್ಯವಿದ್ದಷ್ಟು’ ಎಂದು ಬರೆದು ಮುಗಿಸುತ್ತದೆ. ಯಾವ ರಿವೆಟ್ ಎಲ್ಲಿಗೆ, ಬೋಲ್ಟನ್ನು ಎಷ್ಟು ಬಿಗಿಯಬೇಕು ಎಂಬುದಕ್ಕೆ ನಕ್ಷೆಯನ್ನೂ ಪ್ರಕ್ರಿಯೆಯ ಹಾಳೆಯನ್ನೂ ನೋಡಬೇಕು. ಪಟ್ಟಿಯ ಸಾಮಾನನ್ನೆಲ್ಲ ನೆಲದ ಮೇಲೆ ಸುರಿದರೆ ಹೆಲಿಕಾಪ್ಟರ್ ಆಗದು. ಅವಯವಕ್ಕೂ ಅವಯವಿಗೂ ಇರುವ ನಂಟನ್ನು ನೈಯಾಯಿಕರ ಜೊತೆಯ ದರ್ಶನದವರಾದ ವೈಶೇಷಿಕರು ಸಮವಾಯವೆಂದು ಕರೆದು ಪ್ರತ್ಯೇಕ ಪದಾರ್ಥವಾಗಿಯೇ ಎಣಿಸಿದ್ದರು. ಬಿಓಎಂನಲ್ಲಿ ಅದಕ್ಕೊಂದು ಸಾಲಿಲ್ಲ.

ಬದಲಾದ ಭಾಗ ಹಳೆಯದೇ ಹೌದೆ? ಇಂಜಿನಿಯರುಗಳ ರೂಢಿ ಸರಳ: ಆಕಾರ, ಕೂರುವ ರೀತಿ, ಕೆಲಸ ಈ ಮೂರೂ ಕೆಡದೆ ಹೊಸದು ಹಳೆಯದರ ಜಾಗಕ್ಕೆ ಸಲ್ಲುವುದಾದರೆ ನಂಬರ್ ಅದೇ, ಇಲ್ಲವಾದರೆ ಬೇರೆ. ಈ ಅಳತೆಗೋಲು ಎಲ್ಲ ಕಡೆ ನಡೆಯದು. ಹೈದರಾಬಾದಿನಿಂದ ಸುಮಾರು 150 ಕಿ.ಮೀ. ದೂರದಲ್ಲಿ ನಾಗಾರ್ಜುನಸಾಗರ ಅಣೆಕಟ್ಟು ಕಟ್ಟುವಾಗ ನಾಗಾರ್ಜುನಕೊಂಡದ ಬೌದ್ಧ ನೆಲೆ ಮುಳುಗಿತು. ಮುಳುಗುವ ಮುನ್ನ ಉತ್ಖನನ ನಡೆಸಿ, ಕೆಲವು ಸ್ಮಾರಕಗಳನ್ನು ಎತ್ತರದ ಜಾಗದಲ್ಲಿ ಮರುಕಟ್ಟಿದರು. ವಸ್ತುಸಂಗ್ರಹಾಲಯಕ್ಕೆ ಅವು ಅದೇ ಸ್ಮಾರಕಗಳು. ಯಾತ್ರಿಕನಿಗೆ ಸ್ಥಳವೂ ಒಂದು ಅವಯವವಾದರೆ ಉತ್ತರ ಬೇರೆಯಾಗುತ್ತದೆ. ಇಡಿಯನ್ನು ನಿರ್ಧರಿಸುವುದು ಅದರಿಂದ ಏನು ಕೆಲಸವಾಗಬೇಕು ಎಂಬ ಅಪೇಕ್ಷೆಯೇ ಎನ್ನಲು ಇಷ್ಟು ಸಾಕು.

ಆದರೆ ಕಾನೂನಿಗೆ ಇಂಥ ಸಡಿಲು ಆಗಿಬರದು. ವಿಮಾನದ ಭಾಗಗಳು ದುರಸ್ತಿಯಲ್ಲಿ ಒಂದೊಂದಾಗಿ ಬದಲಾಗುತ್ತಲೇ ಇರುತ್ತವೆ. ಅಮೆರಿಕದ ನಾಗರಿಕ ವಿಮಾನಯಾನ ನಿಯಮದ ಪ್ರಕಾರ ಪ್ರತಿ ವಿಮಾನಕ್ಕೂ ತಯಾರಕರ ಹೆಸರು, ಮಾದರಿ, ಸರಣಿ ಸಂಖ್ಯೆ ಕೆತ್ತಿದ ಬೆಂಕಿಗೆ ಕರಗದ ಫಲಕವಿರಬೇಕು. ಒಂದು ವಿಮಾನದಿಂದ ಬಿಚ್ಚಿದ ಫಲಕವನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ಅವಯವಿ ಎಲ್ಲ ಅವಯವಗಳಲ್ಲೂ ವ್ಯಾಪಿಸಿದೆ ಎಂದು ನೈಯಾಯಿಕರು ಸಾಧಿಸಿದ್ದನ್ನು ನಿಯಮ ರಚಿಸಿದವರು ಒಂದು ಲೋಹದ ತುಂಡಿಗೆ ಒಪ್ಪಿಸಿ ಕಡತ ಮುಚ್ಚಿದ್ದಾರೆ.