ಉಂಡ ಊರಿನ ಹೆಸರು

ನನ್ನ ಅಣ್ಣನ ಮಗಳು ಮತ್ತು ಅಳಿಯ ಹಾಲೆಂಡಿನಲ್ಲಿ ನೌಕರಿಗೆ ಇದ್ದಾರೆ. ಹೋಗಿ ಏಳು ವರ್ಷ ಆತು. ರಜೆ ಬಂತಂದ್ರ ಸಾಕು, ಇಬ್ಬರೂ ಕಾರು ತಗೊಂಡು ಹೊರಡತಾರ. ಬೆಲ್ಜಿಯಂ, ಫ್ರಾನ್ಸ್, ಇಟಲಿ, ಸ್ಪೇನ್. ಒಂದು ದೇಶ ದಾಟಿ ಇನ್ನೊಂದು ದೇಶಕ್ಕೆ ಹೋದದ್ದು ರಸ್ತೆಯ ಫಲಕ ನೋಡಿದಾಗಲೇ ಗೊತ್ತಾಗುವುದಂತೆ. ಗಡಿಯ ಊರಾಗ ಹುಟ್ಟಿ, ಗಡಿಯ ಜಗಳ ಕೇಳಿಕೋತ ಮುದುಕನಾದ ನನಗೆ ಇದೊಂದು ಸೋಜಿಗ. ಹೋದಲ್ಲಿಂದ ಫೋಟೋ ಕಳಿಸತಾರ. ಚರ್ಚು ಸೇತುವೆಗಳಿಗಿಂತ ತಾಟಿನ ಚಿತ್ರವೇ ಹೆಚ್ಚು. ತಾಟಿನ ಪಕ್ಕದಾಗ ವೈನಿನ ಗ್ಲಾಸು ಕಂಡ್ರ ನಮ್ಮ ಅತ್ತಿಗೆ ಮಾರಿ ತಿರುವತಾಳ. ಜತ್ತ ತಾಲೂಕಿನ ನಾವು ದ್ರಾಕ್ಷಿ ಒಣಗಿಸಿ ಮಾರೋ ಮಂದಿ; ಹಿಂಡಿ ಕುಡಿಯೋರಲ್ಲ.

ಹೋದ ವರ್ಷ ಇಬ್ಬರೂ ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಸೀಮೆಗೆ ಹೋಗಿದ್ದರು. ಅಲ್ಲಿ ಲ್ಯುಬೆರೋನ್ ಎಂಬ ಗುಡ್ಡದ ಸಾಲು, ಗುಡ್ಡದ ನೆತ್ತಿಯ ಮೇಲೆ ಕಲ್ಲಿನ ಊರುಗಳು, ಕೆಳಗೆ ದ್ರಾಕ್ಷಿ ತೋಟ. ಅಂಥದೊಂದು ಸಣ್ಣ ಊರಿನಲ್ಲಿ ಒಬ್ಬ ಹೆಣ್ಣುಮಗಳು ಆರೇ ಮೇಜಿನ ಖಾನಾವಳಿ ನಡೆಸುತ್ತಾಳೆ. ಬೆಳ್ಳುಳ್ಳಿ ಅರೆದು ಆಲಿವ್ ಎಣ್ಣೆ ಬೆರೆಸಿದ ಒಂದು ನಮೂನಿ ಚಟ್ನಿ, ಕುದಿಸಿದ ಕಾಯಿಪಲ್ಲೆ, ಆಡಿನ ಹಾಲಿನ ಚೀಸು, ಅದೇ ಊರಿನ ದ್ರಾಕ್ಷಿಯ ತಿಳಿಗುಲಾಬಿ ವೈನು. "ಕಾಕಾ, ಮೂರು ತಾಸು ಕುಂತು ಉಂಡ್ವಿ, ಏಳ್ರಿ ಅಂತ ಯಾರೂ ಅನ್ನಲಿಲ್ಲ" ಅಂದಳು. ಯಾವ ಊರವ್ವಾ ಅಂತ ಕೇಳಿದೆ. "ಹೆಸರು ಮಾತ್ರ ಕೇಳಬ್ಯಾಡ್ರಿ ಕಾಕಾ. ಒಬ್ಬರಿಗೆ ಹೇಳಿದ್ರ ನೂರು ಮಂದಿ ಬರತಾರ, ಊರು ಕೆಡತೈತಿ" ಅಂದುಬಿಟ್ಟಳು.

ಮೊದಲು ಭೇಷ್ ಅನಿಸಿತು. ಆಮೇಲೆ ಮಾತಿನ ನಡುವೆ ಇನ್ನೊಂದು ಸಂಗತಿ ಹೊರಬಿತ್ತು. ಎದ್ದು ಬರುವಾಗ ಆ ಹೆಣ್ಣುಮಗಳು ಬಾಗಿಲತನಕ ಬಂದು, ನಿಮ್ಮ ಗೆಳೆಯರಿಗೂ ಹೇಳಿ ಅಂದಿದ್ದಳಂತೆ. ಇವಳು ಹೂಂ ಅಂದು ಬಂದು ಯಾರಿಗೂ ಹೇಳಿಲ್ಲ. ಉಂಡ ಮನೆಯ ಹೆಸರು ಮುಚ್ಚಿಡುವುದು ಪ್ರೀತಿಯೋ, ಇಲ್ಲಾ ಸಿಹಿ ಮಾವಿನ ಗಿಡ ಕಂಡ ಹುಡುಗರು ಉಳಿದವರಿಗೆ ಹೇಳದ ಹಾಗಿನ ಆಸೆಬುರುಕತನವೋ? ಈ ಪ್ರಶ್ನೆ ನನ್ನ ತಲಿಯಾಗ ಕುಂತುಬಿಟ್ಟಿತು.

ಅವಳೇ ತಂದುಕೊಟ್ಟ ಒಂದು ಇಂಗ್ಲಿಷ್ ಪುಸ್ತಕ ಈಗ ನಮ್ಮ ವಾಚನಾಲಯದ ಕಪಾಟಿನಲ್ಲಿದೆ, ‘ಎ ಇಯರ್ ಇನ್ ಪ್ರೊವಾನ್ಸ್’ ಎಂದು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಎರಡು ತಿಂಗಳು ಓದಿದೆ. ಬರೆದವರು ಪೀಟರ್ ಮೇಲ್, ಜಾಹೀರಾತಿನ ಕೆಲಸ ಮಾಡಿದ್ದ ಇಂಗ್ಲಿಷ್ ಗೃಹಸ್ಥರು. 1980ರ ದಶಕದಲ್ಲಿ ಹೆಂಡತಿಯ ಜೊತೆ ಹೋಗಿ, ಇದೇ ಲ್ಯುಬೆರೋನಿನಲ್ಲಿ ಮೆನೆರ್ಬ್ ಮತ್ತು ಬೊನ್ಯೂ ಎಂಬ ಊರುಗಳ ನಡುವೆ ಹಳೆಯ ಕಲ್ಲಿನ ರೈತಮನೆ ಕೊಂಡರು. ಕಾದಂಬರಿ ಬರೆಯಬೇಕೆಂದು ಹೋದವರಿಗೆ ಮನೆ ರಿಪೇರಿಯೇ ಮುಗಿಯಲಿಲ್ಲ. ಕಡೆಗೆ ಆ ಕತೆಯನ್ನೇ ಬರೆದರು. 1989ರಲ್ಲಿ 3000 ಪ್ರತಿ ಅಚ್ಚಾಯಿತು, ಆಮೇಲೆ ಲಕ್ಷಗಟ್ಟಲೆ ಹೋಯಿತು. ತಿಂಗಳಿಗೊಂದು ಅಧ್ಯಾಯ. ಮಿಸ್ತ್ರಾಲ್ ಎಂಬ ಥಂಡಿಗಾಳಿಗೆ ನೀರಿನ ಪೈಪು ಒಡೆದದ್ದು, ಗೌಂಡಿಗಳು ಅರ್ಧ ಗೋಡೆ ಕೆಡವಿ ವಾರಗಟ್ಟಲೆ ಮಾಯವಾದದ್ದು, ಎಲ್ಲಾ ಇದೆ. ಕೆಲಸ ಮುಗಿಸಲು ಗಂಡ ಹೆಂಡತಿ ಹೂಡಿದ ಉಪಾಯ ನೋಡ್ರಿ: ಮನೆ ಪೂರ್ತಿ ಆದ ಸಂತೋಷಕ್ಕೆ ಕ್ರಿಸ್‌ಮಸ್‌ಗೆ ಮೊದಲು ಔತಣ ಅಂತ ಗೌಂಡಿಗಳನ್ನು ಅವರ ಹೆಂಡಂದಿರ ಸಮೇತ ಕರೆದರು. ಅರ್ಧಂಬರ್ಧ ಮನೆಯಾಗ ಹೆಂಡತಿಯ ಮುಂದ ಮರ್ಯಾದಿ ಕಳಕೊಳ್ಳೋ ಗಂಡಸು ಯಾರಿದ್ದಾನ? ಕೆಲಸ ಮುಗಿಯಿತು.

ಅವರ ಹೊಲದಲ್ಲಿ ದ್ರಾಕ್ಷಿಬಳ್ಳಿ ಇದ್ದವು. ಪಾಲಿಗೆ ಮಾಡುತ್ತಿದ್ದವನು ನೆರೆಯ ರೈತ. ಹೊಸ ಬಳ್ಳಿಯ ಖರ್ಚು ಒಡೆಯನದು, ದುಡಿಮೆ ರೈತನದು. ಬಂದದ್ದರಲ್ಲಿ ರೈತನಿಗೆ ಎರಡು ಪಾಲು, ಒಡೆಯನಿಗೆ ಒಂದು. ಇದನ್ನು ಕಟ್ಟೆಯ ಮೇಲೆ ಓದಿ ಹೇಳಿದಾಗ, "ನಮ್ಮಲ್ಲಿ ಅರ್ಧ ಕೊಡಾಕ ಒಡೆಯ ಅಳತಾನ್ರೀ ಸರ" ಅಂತ ಒಬ್ಬ ಅಂದ. ಪುಸ್ತಕದ ತುಂಬ ಊಟ. ಕವಯೋಂ ಪಟ್ಟಣದ ಕರಬೂಜ ಆ ಭಾಗದಲ್ಲೆಲ್ಲ ಹೆಸರುವಾಸಿ. (ಆ ಊರಿನ ಗ್ರಂಥಾಲಯಕ್ಕೆ 1864ರಲ್ಲಿ ಅಲೆಕ್ಸಾಂಡರ್ ಡ್ಯೂಮಾ ತಾನು ಬರೆದ ಪುಸ್ತಕಗಳನ್ನು ಕೊಟ್ಟ, ಬದಲಿಗೆ ಜೀವ ಇರುವತನಕ ವರ್ಷಕ್ಕೆ 12 ಕರಬೂಜ ಕೇಳಿದ. ನಮ್ಮ ವಾಚನಾಲಯದ ಕಮಿಟಿಯವರು ಗಮನಿಸಬೇಕು.)

ಪುಸ್ತಕ ಓದಿದ ಮಂದಿ ಆ ಊರು ಹುಡುಕಿಕೊಂಡು ಬಂದರು. ಪುಸ್ತಕ ಕೈಯಾಗ ಹಿಡಿದು ಮೇಲ್ ಅವರ ಬಾಗಿಲಿಗೇ ನಿಂತರು. ಗದ್ದಲ ತಾಳದೆ 1990ರ ದಶಕದಲ್ಲಿ ದಂಪತಿಗಳು ಮನೆ ಬಿಟ್ಟು ಅಮೆರಿಕೆಗೆ ಹೋದರು. ಕೆಲವು ವರ್ಷದ ಮೇಲೆ ಮನಸ್ಸು ತಡೆಯದೆ ಮತ್ತೆ ಪ್ರೊವಾನ್ಸಿಗೇ ಬಂದು ಬೇರೆ ಊರು ಹಿಡಿದರು. 2002ರಲ್ಲಿ ಫ್ರಾನ್ಸ್ ಸರಕಾರ ಅವರಿಗೆ ತನ್ನ ದೊಡ್ಡ ಗೌರವವಾದ ಲೀಜನ್ ಆಫ್ ಆನರ್ ಕೊಟ್ಟಿತು. 2018ರಲ್ಲಿ ತೀರಿಕೊಂಡರು. ಒಂದೇ ಪುಸ್ತಕಕ್ಕೆ ಒಂದು ಕಡೆ ಸರಕಾರದ ಪದಕ, ಇನ್ನೊಂದು ಕಡೆ ಬರೆದವರೇ ಊರು ಬಿಡುವ ಪಾಳಿ.

ಹಾಗಾದರೆ ಹೆಸರು ಹೇಳಿದ್ದೇ ತಪ್ಪೆ? ಮೆನೆರ್ಬ್‌ನಿಂದ ಬಹಳ ದೂರವಿಲ್ಲದ ಇನ್ನೊಂದು ಊರು ರೂಸಿಯೋಂ. 1950ರಲ್ಲಿ ಲಾರೆನ್ಸ್ ವೈಲಿ ಎಂಬ ಅಮೆರಿಕದ ಪ್ರೊಫೆಸರರು ಹೆಂಡತಿ, ಇಬ್ಬರು ಗಂಡುಮಕ್ಕಳ ಜೊತೆ ಅಲ್ಲಿ ಹೋಗಿ ಒಂದು ವರ್ಷ ಇದ್ದರು. ಮಕ್ಕಳನ್ನು ಊರಿನ ಶಾಲೆಗೇ ಹಾಕಿದರು. ಆಗ ಅಲ್ಲಿಯ ರೈತರಿಗೆ ನಾಳೆಯ ಮೇಲೆ ನಂಬಿಕೆ ಇರಲಿಲ್ಲ. ಮತ್ತೊಂದು ಯುದ್ಧ ಬಂದರೆ ತೋಟ ಹಚ್ಚಿ ಏನು ಪುಣ್ಯ ಅಂತ ಹಣ್ಣಿನ ಗಿಡ ನೆಡಲು ಒಲ್ಲೆ ಅಂದವನು, ಹತ್ತು ವರ್ಷದ ಮೇಲೆ ಇವರು ತಿರುಗಿ ಹೋದಾಗ ಗಿಡ ಹಚ್ಚಿದ್ದನಂತೆ. 1957ರಲ್ಲಿ ವೈಲಿ ಪುಸ್ತಕ ಬರೆದರು, ಆದರೆ ಊರಿನ ಹೆಸರು ಬದಲಿಸಿ ‘ಪೆಯ್ರಾನ್’ ಎಂದಿಟ್ಟರು. ಮನೆಯೊಳಗಿನ ಮಾತು ಬರೆದಾಗ ಮನೆಯ ಗುರುತು ಮರೆಸುವ ಸಭ್ಯತೆ ಅದು. ಹಂಗಂತ ಊರು ಉಳಿಯಿತೇನು? ರೂಸಿಯೋಂದ ಕೆಂಪು ಮಣ್ಣಿನ ಗುಡ್ಡ ನೋಡಲು ಇವತ್ತು ಅಲ್ಲಿಯೂ ಪ್ರವಾಸಿಗಳ ಸಾಲು. ಮುಚ್ಚಿಟ್ಟವನ ಊರೂ ತುಂಬಿತು, ಬಿಚ್ಚಿಟ್ಟವನ ಊರೂ ತುಂಬಿತು.

ಅದೇ ರೂಸಿಯೋಂದಲ್ಲಿ ಇನ್ನೊಂದು ಪರದೇಶಿ ಜೋಡಿಯ ಕತೆ ಇದೆ. ಐರ್ಲೆಂಡಿನ ಬರಹಗಾರ ಸ್ಯಾಮುಯೆಲ್ ಬೆಕೆಟ್ ಮತ್ತು ಆತನ ಸಂಗಾತಿ ಸುಜಾನ್ 1942ರಲ್ಲಿ ನಾಜಿ ಪೊಲೀಸರ ಕೈ ತಪ್ಪಿಸಿಕೊಂಡು ಬಂದು ಯುದ್ಧ ಮುಗಿಯುವ ಹೊತ್ತಿನ ತನಕ ಅಲ್ಲಿ ಅಡಗಿದ್ದರು. ಬೆಕೆಟ್ ರೈತರ ಹೊಲದಲ್ಲಿ ದುಡಿದು ಕಾಳುಕಡಿ ಪಡೆದ. ಮುಂದೆ ಬರೆದ ‘ಗೋಡೋ’ ನಾಟಕದ ಫ್ರೆಂಚ್ ಪ್ರತಿಯಲ್ಲಿ, ತಾವು ದ್ರಾಕ್ಷಿ ಕೊಯ್ದ ರೈತನ ಹೆಸರು, ಊರಿನ ಹೆಸರು ಎರಡನ್ನೂ ಪಾತ್ರದ ಬಾಯಲ್ಲಿ ಹೇಳಿಸಿದ್ದಾನೆ. ಇಂಗ್ಲಿಷಿಗೆ ತರುವಾಗ ಅದೇ ಪಾತ್ರಕ್ಕೆ ಎರಡೂ ಹೆಸರು ಮರೆತುಹೋಗಿವೆ! ಯಾಕೆ ಹಾಗೆ ಮಾಡಿದನೋ, ನನಗಂತೂ ಅದು ಹಿಡಿಸಿತು. ಉಂಡ ಊರಿನವರಿಗೆ ತಿಳಿಯುವ ಭಾಷೆಯಲ್ಲಿ ಹೆಸರು ಹೇಳಿ, ಹೊರಗಿನವರ ಭಾಷೆಯಲ್ಲಿ ಸುಮ್ಮನಾದ.

ನಾನು ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣ ನಮ್ಮದೇ ಊರು. ಬರ ಬಿದ್ದ ವರ್ಷ ಕ್ಯಾಮೆರಾ ಹಿಡಿದವರು ಬರತಾರ. ಟ್ಯಾಂಕರಿನ ಮುಂದೆ ಕೊಡದ ಸಾಲು, ಒಡೆದ ಕೆರೆ ಅಂಗಳ, ಊರಿನ ಹೆಸರು ದಪ್ಪ ಅಕ್ಷರದಲ್ಲಿ. ಒಳ್ಳೆಯ ಮನಸ್ಸಿನಿಂದಲೇ ಬರೆದಾರು. ಆದರೆ ಮಳೆ ಬಂದ ಮೇಲೂ ಆ ಹೆಸರು ಹಂಗೇ ನಿಂತಿತು. ಕನ್ಯಾ ಕೇಳಲು ಹೋದಲ್ಲಿ "ನಿಮ್ಮೂರಾಗ ನೀರಿಲ್ಲಂತಲ್ರಿ" ಅನ್ನುವ ಮಾತು ನನ್ನ ಸ್ವಂತ ತಮ್ಮನ ಮಗನಿಗೆ ಎರಡು ಸಲ ಬಂತು. ಹೆಸರು ಬರೆದವರು ಸಂಜೆಯ ಗಾಡಿಗೆ ಹೋದರು, ಹೆಸರು ಹೊತ್ತವರು ಇಲ್ಲೇ ಉಳಿದೆವು. ಹೊಗಳಿದರೂ ಬೈದರೂ ಈ ಮಾತು ಒಂದೇ. ಮೆನೆರ್ಬ್‌ನ ರೈತನಿಗೆ ನಮ್ಮ ಕಷ್ಟ ಅರ್ಥ ಆದೀತು ಅನಿಸತೈತಿ.

ಅದಕ್ಕೇ ನನ್ನ ತಕರಾರು ಹೆಸರು ಹೇಳುವುದರ ಮೇಲೆಯೂ ಅಲ್ಲ, ಮುಚ್ಚಿಡುವುದರ ಮೇಲೆಯೂ ಅಲ್ಲ. ಹೇಳಬೇಕೋ ಬೇಡವೋ ಎಂದು ಉಂಡವರೇ ತೀರ್ಮಾನ ಮಾಡುವುದರ ಮೇಲೆ. ನನ್ನ ಮಗಳಂಥವಳು ಆ ಊರನ್ನು ಕೆಡದಂತೆ ಕಾಯುತ್ತೇನೆ ಅಂತಾಳೆ; ಆದರೆ ಆರು ಮೇಜಿನ ಬಾಡಿಗೆ, ಚಳಿಗಾಲದ ಖಾಲಿ ದಿನಗಳು ಆ ಹೆಣ್ಣುಮಗಳಿಗೆ ಗೊತ್ತು, ಇವಳಿಗೆ ಗೊತ್ತಿಲ್ಲ. ಇವಳಿಗೆ ಬೇಕಾದದ್ದು ಯಾರೂ ಬಾರದ ಊರು. ಅವಳಿಗೆ ಬೇಕಾದದ್ದು ಗಿರಾಕಿ. ಹಂಗಂದ್ರ ಆ ಹೆಣ್ಣುಮಗಳ ಮಾತೇ ಕಡೆಯದೇನು? ಅದೂ ಸರಳ ಅಲ್ಲ. ಹೊರಗಿನವರು ರಜೆಗೆಂದು ಮನೆ ಕೊಳ್ಳತೊಡಗಿದರೆ ಬೆಲೆ ಏರತೈತಿ, ಆಮೇಲೆ ಅದೇ ಊರಿನ ರೈತನ ಮಗ ಅಲ್ಲಿ ಮನೆ ಕೊಳ್ಳಲಾರ. ವೆನಿಸ್ ನಗರದ ಹಳೆ ಭಾಗದಲ್ಲಿ ಈಗ 50,000 ಮಂದಿಯೂ ವಾಸವಿಲ್ಲ. 2024ರಿಂದ ಕೆಲವು ದಿನಗಳಲ್ಲಿ, ಬೆಳಿಗ್ಗೆ ಬಂದು ಸಂಜೆ ಹೋಗುವವರಿಂದ ಆ ಊರು ಪ್ರವೇಶ ಶುಲ್ಕ ವಸೂಲಿ ಮಾಡುತ್ತದೆ. ಖಾನಾವಳಿಯವಳು ಬಾ ಅಂದರೆ ಊರೆಲ್ಲಾ ಬಾ ಅಂದ ಹಂಗ ಆಗೂದಿಲ್ಲ. ಆದರೂ ಕೇಳುವುದನ್ನು ಎಲ್ಲಿಂದಾದರೂ ಶುರು ಮಾಡಬೇಕಲ್ಲ, ಉಣಿಸಿದ ಕೈಯಿಂದ ಶುರು ಮಾಡುವುದು ಮರ್ಯಾದೆ.

ಫೋನಿನಲ್ಲಿ ಇಷ್ಟನ್ನೂ ಅವಳಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಆಕಿ ಹೇಳ್ರಿ ಅಂದದ್ದು ಬಾಯಿಮಾತಿಗೆ ಅಂತ ತಿಳಕೊಂಡಿದ್ದೆ ಕಾಕಾ" ಅಂದಳು. ಬರುವ ಸೆಪ್ಟೆಂಬರದಾಗ ದ್ರಾಕ್ಷಿ ಸುಗ್ಗಿಯ ಹೊತ್ತಿಗೆ ಮತ್ತೆ ಹೋಗತಾರಂತ. ಸಾಧ್ಯವಾದರೆ ಒಂದು ದಿನ ಕೊಯ್ಲಿಗೂ ನಿಲ್ಲತಾಳಂತ. ನಮ್ಮ ತೋಟದಾಗ ಗೊನೆ ಕತ್ತರಿಸಿ ಬೆಳೆದ ಕೈ ಅದು. ಆ ಹೆಣ್ಣುಮಗಳನ್ನೇ ಎದುರಿಗೆ ಕುಂತು ಕೇಳತೀನಿ ಅಂದಾಳ. ಈ ಪುಸ್ತಕ ಅಚ್ಚಿಗೆ ಹೋಗುವತನಕ ಸೆಪ್ಟೆಂಬರ್ ಬಂದಿಲ್ಲ, ಹಾಗಾಗಿ ಆ ಊರಿನ ಹೆಸರು ನನ್ನ ಲೇಖನದಲ್ಲಿ ಇಲ್ಲ.