ಹಿಮದಲ್ಲಿ ಒಂದೇ ಶವ

ಸ್ವೀಡನ್ನಿನ ಕಲಾವಿದ ಗುಸ್ತಾಫ್ ಸೇಡರ್‌ಸ್ಟ್ರಾಮ್ 1878ರಲ್ಲಿ ಬರೆದ ಚಿತ್ರವೊಂದಿದೆ: ‘ಹನ್ನೆರಡನೆಯ ಚಾರ್ಲ್ಸ್‌ನ ಶವಯಾತ್ರೆ’. ನಾರ್ವೆಯ ಮೇಲೆ ದಂಡೆತ್ತಿ ಹೋಗಿದ್ದ ಈ ದೊರೆ 1718ರ ನವೆಂಬರ್ 30ರಂದು ಫ್ರೆಡ್ರಿಕ್‌ಸ್ಟೆನ್ ಕೋಟೆಯ ಎದುರು ತಲೆಗೆ ಗುಂಡು ತಗಲಿ ಸತ್ತ. ಚಿತ್ರದಲ್ಲಿ ಸೈನಿಕರು ಅವನನ್ನು ಹೆಗಲ ಮೇಲೆ ಹೊತ್ತು ಹಿಮದ ಬೆಟ್ಟ ಇಳಿಯುತ್ತಿದ್ದಾರೆ. ದೊರೆಯ ಮುಖ ತೆರೆದೇ ಇದೆ. ಪಕ್ಕದಲ್ಲಿ ಮುದಿ ಬೇಟೆಗಾರನೊಬ್ಬ ತಲೆಬಾಗಿ ನಿಂತಿದ್ದಾನೆ.

ನಿಜದಲ್ಲಿ ಶವ ಹೀಗೆ ಬರಲಿಲ್ಲ; ಪೆಟ್ಟಿಗೆಯಲ್ಲಿಟ್ಟು ಸಾಗಿಸಿದರು. ಕಲಾವಿದ ಸುಳ್ಳು ಹೇಳಿದ ಎಂದು ದೂರಬಹುದು. ನನಗೆ ಅದು ದೊಡ್ಡ ತಪ್ಪೆನಿಸುವುದಿಲ್ಲ. ಮುಚ್ಚಿದ ಪೆಟ್ಟಿಗೆಯನ್ನು ನೋಡಿ ಯಾರಿಗೆ ಅಳು ಬಂದೀತು? ನನ್ನನ್ನು ಕಾಡುವುದು ಬೇರೆ ಪ್ರಶ್ನೆ: ಆ ಅಳು ಯಾರಿಗೆ ಸಲ್ಲುತ್ತದೆ?

ಅದೇ ಚಳಿಗಾಲದಲ್ಲಿ ಇನ್ನೂ ಉತ್ತರಕ್ಕೆ, ಟ್ರಾಂಡ್‌ಹೈಮ್ ಹಿಡಿಯಲೆಂದು ಇದೇ ದೊರೆ ಕಳಿಸಿದ್ದ ಇನ್ನೊಂದು ಸೇನೆಯಿತ್ತು. ಅವನು ಸತ್ತ ಸುದ್ದಿ ತಲುಪಿದ ಮೇಲೆ ಸೇನಾಪತಿ ಆರ್ಮ್‌ಫೆಲ್ಟ್ ಹಿಂದಿರುಗಲು ಹೊರಟ. 1719ರ ಜನವರಿಯ ಮೊದಲ ದಿನಗಳಲ್ಲಿ, ಟೀಡಾಲ್ ಬೆಟ್ಟಗಳ ಹಿಮಗಾಳಿಯಲ್ಲಿ, ಸುಮಾರು 3000 ಮಂದಿ ಸೆಟೆದು ಸತ್ತರು. ಅವರಲ್ಲಿ ಬಹಳಷ್ಟು ಜನ ಫಿನ್ಲೆಂಡಿನ ರೈತರ ಮಕ್ಕಳು. ಅವರನ್ನು ಹೆಗಲ ಮೇಲೆ ಹೊತ್ತು ತರುವವರಿರಲಿಲ್ಲ. ಸೇಡರ್‌ಸ್ಟ್ರಾಮನ ಚಿತ್ರದಲ್ಲಿ ಹಿಮ ಒಬ್ಬ ದೊರೆಯ ಸಾವಿಗೆ ಹಿನ್ನೆಲೆ. ಟೀಡಾಲ್‌ನಲ್ಲಿ ಅದೇ ಹಿಮ ಕೊಂದಿತು.

ಕಲಾವಿದನ ಪರವಾಗಿಯೂ ಒಂದು ಮಾತಿದೆ. ಹೊತ್ತವರ ಮುಖಗಳನ್ನು ಅವನು ಒಂದೊಂದಾಗಿ, ದಣಿವಿನ ಸಮೇತ ಬರೆದಿದ್ದಾನೆ. 1709ರ ಪೊಲ್ಟಾವಾ ಸೋಲಿನ ನಂತರವೂ ದೊರೆ ಯುದ್ಧ ನಿಲ್ಲಿಸಲಿಲ್ಲ. ಅದರ ಭಾರವನ್ನು ಹೊತ್ತದ್ದು ಇಂಥ ಹೆಗಲುಗಳೇ. ಹಾಗೆ ನೋಡಿದರೆ ಚಿತ್ರ ದೊರೆಯ ವೈಭವಕ್ಕಿಂತ ಆಳುಗಳ ಆಯಾಸವನ್ನೇ ಹೇಳುತ್ತದೆ.

ಆದರೆ ಎಲ್ಲರೂ ಹಾಗೆ ನೋಡುವುದಿಲ್ಲ. ಹಿಂದಿನ ಶತಮಾನದ ಕೊನೆಯಲ್ಲಿ ಸ್ವೀಡನ್ನಿನ ತೀವ್ರ ಬಲಪಂಥೀಯರು ನವೆಂಬರ್ 30ನ್ನು ತಮ್ಮ ದಿನವಾಗಿಸಿಕೊಂಡು ಸ್ಟಾಕ್‌ಹೋಮ್‌ನಲ್ಲಿರುವ ಚಾರ್ಲ್ಸ್‌ನ ಪ್ರತಿಮೆಯ ಬಳಿ ಸೇರುತ್ತಿದ್ದರು. ಅವರಿಗೆ ಬೇಕಾದದ್ದು ದಣಿದ ಸೈನಿಕನಲ್ಲ, ಹುತಾತ್ಮ ದೊರೆ. ಇಂಥ ಚಿತ್ರಗಳು ಆ ದೊರೆಯನ್ನು ಸಿದ್ಧವಾಗಿಟ್ಟಿದ್ದವು.

ಇದರ ಹೊಣೆಯನ್ನೆಲ್ಲ ಸತ್ತುಹೋದ ಕಲಾವಿದನ ಮೇಲೆ ಹೊರಿಸುವುದು ನ್ಯಾಯವಲ್ಲ. ಕರುಣೆ ಹುಟ್ಟಿಸುವುದು ಅವನ ಕೆಲಸ, ಮಾಡಿದ. ಆ ಕರುಣೆ ಒಂದೇ ಶವದ ಬಳಿ ನಿಂತುಬಿಟ್ಟರೆ ಅದು ನೋಡುವವರ ತಪ್ಪು. ಆ ಬೇಟೆಗಾರನ ಜೊತೆ ನಾವೂ ತಲೆಬಾಗೋಣ. ಆದರೆ ಚೌಕಟ್ಟಿನ ಹೊರಗೆ ಇನ್ನೂ ಎಷ್ಟು ಜನ ಬಿದ್ದಿದ್ದಾರೆ ಎಂದು ಕೇಳಿಯೇ ಮುಂದೆ ಹೋಗೋಣ.