ಪಕ್ಕದಲ್ಲಿ ನಿಂತು ಆಡಿದಾಗ

ನಮ್ಮೂರು ವಳಕಮದಿನ್ನಿಯಲ್ಲಿ ಗಾಲ್ಫ್ ಆಡುವವರು ಯಾರೂ ಇಲ್ಲ. ಮೊಬೈಲಿನಲ್ಲಿ ಮೈದಾನದ ಫೋಟೋ ತೋರಿಸಿದಾಗ ಅವ್ವ ಕೇಳಿದ್ದು ಒಂದೇ ಮಾತು: “ಇಷ್ಟು ಹುಲ್ಲು ಐತಿ, ಒಂದು ಎಮ್ಮಿನೂ ಕಾಣವಲ್ದಲ್ಲಪಾ?” ಬೆಂಗಳೂರಿಗೆ ಬಂದು, ನೌಕರಿ ಸೇರಿ, ನಲವತ್ತರ ಹೊಸ್ತಿಲಲ್ಲಿ ಈ ಆಟ ಹಚ್ಚಿಕೊಂಡವನು ನಾನು. ಬೆಂಗಳೂರಿಗೆ ಇದು ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ನನಗೆ ಮಾತ್ರ ಇದು ಇನ್ನೂ ಬೇರೆಯವರ ಮನೆಯ ಅಂಗಳದಂತೆ ಅನಿಸುತ್ತದೆ.

ಎರಡು ವರ್ಷದ ಹಿಂದೆ ನಾನು ಕೆಲಸ ಮಾಡುವ ಕಡೆ ಪ್ರೊ-ಆಮ್ ಪಂದ್ಯ ಇಟ್ಟಿದ್ದರು. ಒಬ್ಬ ವೃತ್ತಿಪರ ಆಟಗಾರ, ಜೊತೆಗೆ ಮೂವರು ಹವ್ಯಾಸಿಗಳು; ನಾಲ್ವರೂ ಸೇರಿ ಒಂದು ತಂಡ. ಬೇರೆ ಆಟಗಳಲ್ಲಿ ಇಂಥದ್ದು ಅಪರೂಪ. ಗಲ್ಲಿಯಲ್ಲಿ ಕ್ರಿಕೆಟ್ ಆಡುವವನು ಟೆಸ್ಟ್ ಬೌಲರನ ಎದುರು ನಿಂತರೆ ಕಾಣುವುದು ಚೆಂಡು ಅಲ್ಲ, ಭಯ. ಗಾಲ್ಫಿನಲ್ಲಿ ಯಾರ ಚೆಂಡನ್ನೂ ಯಾರೂ ತಡೆಯುವುದಿಲ್ಲ. ಅದೇ ಗಾಳಿ, ಅದೇ ಹುಲ್ಲು, ಅದೇ ನಾಲ್ಕೂಕಾಲು ಇಂಚಿನ ಕುಳಿ. ಹಾಗಾಗಿ ನಾಲ್ಕೈದು ತಾಸು ಪಕ್ಕದಲ್ಲೇ ನಡೆಯುತ್ತ ಅವರನ್ನು ನೋಡಬಹುದು.

ಚೆಂಡು ದೂರ ಹೋಗುತ್ತದೆ ಎಂಬುದು ಮೊದಲು ಕಣ್ಣಿಗೆ ಬೀಳುತ್ತದೆ. ಮೂರು ಕುಳಿ ಮುಗಿಯುವಷ್ಟರಲ್ಲಿ ಅದು ಅಭ್ಯಾಸವಾಗಿಬಿಡುತ್ತದೆ. ಆಮೇಲೆ ಕಾಣತೊಡಗಿದ್ದು ಅವರ ತಪ್ಪುಗಳು. ನಾಲ್ಕನೇ ಕುಳಿಯಲ್ಲಿ ಅವರ ಚೆಂಡು ಮರಗಳ ನಡುವೆ ಹೋಯಿತು. ನನ್ನದೂ ಅಲ್ಲೇ ಹೋಗಿತ್ತು. ಎರಡು ಕಾಂಡಗಳ ಸಂದಿಯಿಂದ ನಾನು ಗುರಿಯತ್ತಲೇ ಹೊಡೆದೆ. ಚೆಂಡು ಕಾಂಡಕ್ಕೆ ಬಡಿದು ಇನ್ನೂ ಒಳಕ್ಕೆ ಹೋಯಿತು. ಅವರು ಗುರಿಯ ಕಡೆ ನೋಡಲೂ ಇಲ್ಲ. ಪಕ್ಕಕ್ಕೆ ತಿರುಗಿ, ಮಕ್ಕಳೂ ಹೊಡೆಯಬಹುದಾದ ಪುಟ್ಟ ಹೊಡೆತದಲ್ಲಿ ಚೆಂಡನ್ನು ಬಯಲಿಗೆ ತಂದರು. ಒಂದು ಹೊಡೆತ ಕಳೆದುಕೊಂಡರು, ಎರಡನೆಯದನ್ನು ಕಳೆದುಕೊಳ್ಳಲಿಲ್ಲ. ನನಗೆ ಅಲ್ಲಿ ನಾಲ್ಕು ಹೋದವು.

ಅಮೆರಿಕದ ಪಿಜಿಎ ಟೂರ್‌ನ ಅಂಕಿಅಂಶ ಇಟ್ಟವರು ಹೇಳುವ ಒಂದು ವಿಷಯ ಹವ್ಯಾಸಿಗಳಿಗೆ ನಂಬಲು ಕಷ್ಟ. ಎಂಟು ಅಡಿ ದೂರದಿಂದ ಚೆಂಡನ್ನು ಕುಳಿಗೆ ತಳ್ಳುವಾಗ ಜಗತ್ತಿನ ಶ್ರೇಷ್ಠರೂ ಹೆಚ್ಚುಕಡಿಮೆ ಅರ್ಧದಷ್ಟು ಸಲ ತಪ್ಪುತ್ತಾರೆ. ಅದೇ ಎಂಟು ಅಡಿಯಿಂದ ತಪ್ಪಿದಾಗ ನಾನು ನೆಲಕ್ಕೆ ಕೋಲು ಬಡಿಯುತ್ತೇನೆ. ಅಂದರೆ ನನ್ನ ಬಗ್ಗೆ ನನಗಿರುವ ನಿರೀಕ್ಷೆ ಅವರಿಗೆ ಅವರ ಬಗ್ಗೆ ಇರುವುದಕ್ಕಿಂತ ದೊಡ್ಡದು! ಅವರ ಪಕ್ಕ ನಡೆದಾಗ ಇದು ಹಾಸ್ಯದಂತೆ ಕಂಡಿತು, ಸ್ವಲ್ಪ ನಾಚಿಕೆಯೂ ಆಯಿತು.

ಇಲ್ಲಿಗೆ ನಿಲ್ಲಿಸಿ, “ದೊಡ್ಡವರು ತಪ್ಪನ್ನು ಶಾಂತವಾಗಿ ಒಪ್ಪುತ್ತಾರೆ, ನಾವೂ ಹಾಗೇ ಇರೋಣ” ಎಂದು ನೀತಿ ಹೇಳಬಹುದಿತ್ತು. ನನಗೆ ಅದರಲ್ಲಿ ಅನುಮಾನವಿದೆ. ಆ ಶಾಂತಿಯ ಹಿಂದೆ ಬಾಲ್ಯದಿಂದ ಮಾಡಿದ ಸಾಧನೆ ಇರುತ್ತದೆ, ಅದಕ್ಕೆ ಬೇಕಾದ ದುಡ್ಡು ಮತ್ತು ಮನೆಯವರ ಒತ್ತಾಸೆಯೂ ಇರುತ್ತದೆ. ಬೆಂಗಳೂರಿನ ಅದಿತಿ ಅಶೋಕ್ ಕೋಲು ಹಿಡಿದದ್ದು ಐದಾರು ವರ್ಷದವರಿದ್ದಾಗ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಅವರ ಚೀಲ ಹೊತ್ತವರು ಅಪ್ಪ, 2021ರಲ್ಲಿ ಟೋಕಿಯೋದಲ್ಲಿ ಅಮ್ಮ. ಅಲ್ಲಿ ವಿಶ್ವದ 200ನೇ ಸ್ಥಾನದ ಅದಿತಿ ಮೊದಲ ಸ್ಥಾನದ ನೆಲ್ಲಿ ಕೊರ್ಡಾ ಜೊತೆಯಲ್ಲೇ ಆಡಿದರು. ಕೊರ್ಡಾ ಹೊಡೆದ ಚೆಂಡು ಎಷ್ಟೋ ಮುಂದೆ ಬೀಳುತ್ತಿತ್ತು. ಅದಿತಿ ಅದನ್ನು ಹಿಂಬಾಲಿಸಲು ಹೋಗದೆ ತಮ್ಮ ದೂರವನ್ನೇ ಹೊಡೆಯುತ್ತ, ಕುಳಿಯ ಹತ್ತಿರದ ಆಟದಿಂದ ಸರಿದೂಗಿಸುತ್ತ ಹೋದರು. ಒಂದೇ ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದರು. ತನಗಿಂತ ಬಲಶಾಲಿಯ ಪಕ್ಕದಲ್ಲಿ ತನ್ನ ಅಳತೆ ಬಿಡದಿರುವುದು ಸಣ್ಣ ವಿಷಯವಲ್ಲ. ಆ ಬೆಳಗಿನ ಜಾವ ಎದ್ದು ಟಿವಿ ಮುಂದೆ ಕೂತಿದ್ದ ನನಗೆ ಅದು ಅರ್ಥವಾಗಿದೆ ಅಂದುಕೊಂಡಿದ್ದೆ. ಆಗಿರಲಿಲ್ಲ.

ಅಸಮಾನರು ಒಟ್ಟಿಗೆ ಆಡಲೆಂದು ಗಾಲ್ಫಿನಲ್ಲಿ ಹ್ಯಾಂಡಿಕ್ಯಾಪ್ ಎಂಬ ಏರ್ಪಾಡಿದೆ. ನನ್ನ ಹಿಂದಿನ ಆಟಗಳ ಲೆಕ್ಕ ನೋಡಿ ನನಗೆ ಇಷ್ಟು ಹೊಡೆತ ಮಾಫಿ ಎಂದು ಗೊತ್ತುಮಾಡುತ್ತಾರೆ. ಈಗಿನ ನಿಯಮದಲ್ಲಿ 54ರವರೆಗೂ ಹೋಗಬಹುದು. ನನಗೆ ಇದು ಆಟದ ಅತ್ಯಂತ ಸಭ್ಯ ಅಂಶವಾಗಿ ಕಾಣುತ್ತದೆ. ಎಲ್ಲರೂ ಸಮ ಎಂದು ಅದು ಸುಳ್ಳು ಹೇಳುವುದಿಲ್ಲ. ಅಸಮಾನತೆಯನ್ನು ಎಣಿಸಿ, ಚೀಟಿಯಲ್ಲಿ ಬರೆದು, ಆಮೇಲೆ ಜೊತೆಗೆ ಆಡಲು ಕರೆಯುತ್ತದೆ. ಆದರೆ ಎಣಿಸುವವನು ಆಟಗಾರನೇ. ಹೆಚ್ಚಿನ ಹೊತ್ತು ಪಕ್ಕದಲ್ಲಿ ಅಂಪೈರ್ ಇರುವುದಿಲ್ಲ. ತನ್ನ ತಪ್ಪಿಗೆ ತಾನೇ ದಂಡ ಹಾಕಿಕೊಳ್ಳಬೇಕು.

1925ರ ಯುಎಸ್ ಓಪನ್‌ನಲ್ಲಿ ಬಾಬಿ ಜೋನ್ಸ್ ಎತ್ತರದ ಹುಲ್ಲಿನಲ್ಲಿ ಹೊಡೆಯಲು ನಿಂತಾಗ ಚೆಂಡು ತುಸು ಅಲುಗಿತು. ಬೇರೆ ಯಾರೂ ಕಂಡಿರಲಿಲ್ಲ. ಅವರು ತಾವಾಗಿಯೇ ಒಂದು ಹೊಡೆತದ ದಂಡ ಹಾಕಿಕೊಂಡರು. ಕೊನೆಗೆ ಪಂದ್ಯ ಸಮವಾಗಿ, ಪ್ಲೇ-ಆಫ್‌ನಲ್ಲಿ ವಿಲ್ಲಿ ಮ್ಯಾಕ್‌ಫರ್ಲೇನ್‌ಗೆ ಸೋತರು. ಜೋನ್ಸ್ ಕೊನೆಯವರೆಗೂ ಹವ್ಯಾಸಿಯಾಗಿಯೇ ಆಡಿದವರು ಎಂಬುದನ್ನೂ ನೆನಪಿಡಬೇಕು.

ನಮ್ಮ ಆಟದ ಏಳನೇ ಕುಳಿಯಲ್ಲಿ ಅದೇ ಆಯಿತು. ನಮ್ಮ ವೃತ್ತಿಪರರು ಹುಲ್ಲಿನಿಂದ ಹಿಂದೆ ಸರಿದು, “ಅಲುಗಿತು, ನನಗೊಂದು ಬರ್ಕೊಳ್ಳಿ” ಎಂದರು. ಅಂಗಡಿಯಲ್ಲಿ ಚಿಲ್ಲರೆ ಕೊಡುವಷ್ಟು ಸಹಜ ದನಿ. ಚೆಂಡನ್ನು ಮೊದಲಿದ್ದಲ್ಲಿಗೇ ಇಟ್ಟು ಆಡಿದರು. ನಾವು ಮೂವರೂ ಮೆಚ್ಚಿ ತಲೆದೂಗಿದೆವು.

ಹನ್ನೆರಡನೆಯದರಲ್ಲಿ ನನ್ನ ಚೆಂಡು ಅಲುಗಿತು. ಕೋಲನ್ನು ಅದರ ಹಿಂದೆ ಊರಿದಾಗ ಹುಲ್ಲು ಬಾಗಿ, ಚೆಂಡು ಒಂದು ಬೆರಳಷ್ಟು ಕೆಳಕ್ಕೆ ಜಾರಿತು. ತಲೆ ಎತ್ತಿದೆ. ವೃತ್ತಿಪರರು ದೂರದಲ್ಲಿ ತಮ್ಮ ಚೆಂಡಿನ ಹತ್ತಿರ ಇದ್ದರು. ನನ್ನ ಚೀಲ ಹೊತ್ತ ಕ್ಯಾಡಿ ಹುಡುಗ ನೋಡುತ್ತಿದ್ದ. ನಾನು ಏನೂ ಹೇಳದೆ ಹೊಡೆದೆ. ಅವನೂ ಏನೂ ಹೇಳಲಿಲ್ಲ. ಕೋಲು ತಗೊಂಡು ಒರೆಸಿ ಚೀಲಕ್ಕೆ ಹಾಕಿದ. ನಮ್ಮ ತಂಡ ಬಹುಮಾನದ ಹತ್ತಿರವೂ ಹೋಗಲಿಲ್ಲ.

ಬಡತನ, ಒತ್ತಡ, ಹೆದರಿಕೆ ಜನರನ್ನು ಸುಳ್ಳಿಗೆ ನೂಕುತ್ತವೆ ಎಂದು ನಾನು ನಂಬಿದ್ದೆ. ಅಲ್ಲಿ ಅದಾವುದೂ ಇರಲಿಲ್ಲ. ಆ ಒಂದು ಹೊಡೆತದಿಂದ ನನ್ನ ಸಂಬಳ ಕಡಿಮೆಯಾಗುತ್ತಿರಲಿಲ್ಲ, ಹೆಚ್ಚೂ ಆಗುತ್ತಿರಲಿಲ್ಲ. ಯೋಚಿಸಿದಷ್ಟೂ ಒಂದೇ ಕಾರಣ ಸಿಗುತ್ತದೆ: ಅಂಥವರ ಪಕ್ಕದಲ್ಲಿ ಸಣ್ಣವನಾಗಿ ಕಾಣಬಾರದು. ಅವರ ಹತ್ತಿರ ಕಲಿಯಬೇಕಾದದ್ದು ಅವರ ರೂಢಿ. ನಾನು ಹತ್ತಿರ ಹೋಗಲು ನೋಡಿದ್ದು ಅವರ ಅಂಕಿಗೆ. ಶ್ರೇಷ್ಠರ ಸಹವಾಸ ಮನುಷ್ಯನನ್ನು ತಾನಾಗಿಯೇ ಎತ್ತುತ್ತದೆ ಎಂಬ ಮಾತನ್ನು ಆಮೇಲೆ ನಾನು ಸಲೀಸಾಗಿ ಹೇಳುವುದಿಲ್ಲ. ಮೆಚ್ಚಿ ತಲೆದೂಗುವುದಕ್ಕೂ ಕಲಿಯುವುದಕ್ಕೂ ನಡುವೆ ನನಗೆ ಐದು ಕುಳಿಗಳ ಅಂತರವೂ ಸಾಕಾಗಲಿಲ್ಲ.

ಇನ್ನೊಂದು ನೆನಪು ಬಂದು ಕಾಡಿದ್ದೂ ಆಗಲೇ. ಅವ್ವ ಊರಿನ ಹೆಣ್ಣುಮಕ್ಕಳ ಜೊತೆ ಸಿಂಧನೂರು ಕಡೆಯ ಕ್ಯಾಂಪುಗಳಿಗೆ ಭತ್ತದ ನಾಟಿಗೆ ಹೋಗುತ್ತಿದ್ದಳು. ಎಕರೆಗೆ ಇಷ್ಟು ಎಂದು ಗುತ್ತಿಗೆ. ಬೇಗ ಮುಗಿಸಿದಷ್ಟೂ ಲಾಭ. ರಜೆಯಲ್ಲಿ ಒಂದು ದಿನ ನಾನೂ ಹೋಗಿ ಅವಳ ಪಕ್ಕದ ಸಾಲು ಹಿಡಿದೆ. ನಾನು ಒಂದು ಮಾರು ಹೋಗುವಷ್ಟರಲ್ಲಿ ಅವಳು ಬದುವಿನ ಹತ್ತಿರ. ಸಂಜೆ ಹೊಲದ ಯಜಮಾನ ನೋಡಿಕೊಂಡು ಹೋದಮೇಲೆ ಅವಳು ಮತ್ತೆ ಕೆಸರಿಗಿಳಿದು ನನ್ನ ಸಾಲಿನಲ್ಲಿ ತೇಲುತ್ತಿದ್ದ ಸಸಿಗಳನ್ನು ಕಿತ್ತು ಹಚ್ಚಿದಳು. ಟ್ರ್ಯಾಕ್ಟರಿನಲ್ಲಿ ಕೂತವರು ಕೂಗುತ್ತಿದ್ದರು. ನನಗೆ ಮನೆಗೆ ಹೋಗುವ ಅವಸರ; ಅವಳ ಮೇಲೆ ಸಿಟ್ಟೂ ಬಂದಿತ್ತು.

ಅದೂ ಶ್ರೇಷ್ಠರ ಪಕ್ಕದಲ್ಲಿ ನಿಂತ ಹವ್ಯಾಸಿಯ ದಿನವೇ. ಅಲ್ಲಿ ಅಂಕದ ಚೀಟಿ ಇರಲಿಲ್ಲ, ಆದ್ದರಿಂದ ನನಗೆ ಕಾಣಲಿಲ್ಲ. ನಾನು ಬಿಟ್ಟುಹೋಗಬಹುದಾಗಿತ್ತು, ಅವಳು ಹೋಗುವಂತಿರಲಿಲ್ಲ. ಕಳೆದುಕೊಳ್ಳುವುದು ನಿಜವಾಗಿ ಇದ್ದವಳು ಸರಿಮಾಡಿದಳು. ಏನೂ ಇಲ್ಲದವನು ಸುಮ್ಮನಾದೆ. ಚೀಲ ಹೊರುವವರನ್ನು ನಾವು ನೋಡುವುದೂ ಹೀಗೆಯೇ. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಗೆಲ್ಲುವ ಮುಂಚೆ ಅವರ ಕಣ್ಣು ಎಷ್ಟು ಜನರ ಆಟವನ್ನು ನೋಡಿತ್ತೋ!

ಕಳೆದ ಸಲ ಊರಿಗೆ ಹೋದಾಗ ಅವ್ವನಿಗೆ ಹೇಳಿದೆ. ಆಟದ ನಿಯಮ ತಿಳಿಸಲು ಅರ್ಧ ತಾಸು ಬೇಕಾಯಿತು. ಜೋಳ ಹಸನು ಮಾಡುತ್ತಲೇ ಕೇಳಿಸಿಕೊಂಡಳು.

“ಆ ದೊಡ್ಡ ಆಟಗಾರಗ ಹೇಳಿದೇನು?”

“ಇಲ್ಲ ಬೇ. ಈಗ ಹೇಳಿ ಏನಾಗತೈತಿ?”

“ಅವಗ ಬ್ಯಾಡ ಬಿಡು, ಅಂವ ನೋಡಿಲ್ಲ. ನೋಡಿದಾನಲ್ಲ ಆ ಹುಡುಗ, ಅವಗರ ಹೇಳಬೇಕಿತ್ತು.”

ಆಮೇಲೆ ಮೂರು ಸಲ ಆ ಮೈದಾನಕ್ಕೆ ಹೋಗಿದ್ದೇನೆ. ಆ ಹುಡುಗನ ಹೆಸರು ನಾನು ಅವತ್ತು ಕೇಳಿರಲಿಲ್ಲ. ಚೀಲ ಹೊತ್ತು ಸಾಲಾಗಿ ನಿಂತವರ ಮುಖಗಳನ್ನು ಒಂದೊಂದಾಗಿ ನೋಡುತ್ತೇನೆ. ಇನ್ನೂ ಸಿಕ್ಕಿಲ್ಲ.